ಟಿಡಿಎಸ್ ಅಂಕಿಯ ಆಚೆಗೆ: ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಕುಡಿಯುವ ನೀರು ಮತ್ತು ಕೈಸಂವೇದಕಗಳು

ಸಾರಾಂಶ

ಗದಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಕೊಳವೆಬಾವಿ ಮತ್ತು ಕಾಲುವೆ ನೀರಿನ ಕೆರೆಗಳು ಬೇರೆ ಬೇರೆ ಬಗೆಯ ರಾಸಾಯನಿಕ ಅಪಾಯಗಳಿಗೆ ಒಡ್ಡಿಕೊಂಡಿವೆ. ಆದ್ದರಿಂದ ಸಂವೇದಕವನ್ನು ನೀರಿನ ಮೂಲ ನೋಡಿ ಆರಿಸಬೇಕು ಎಂಬುದು ಈ ಲೇಖನದ ವಾದ.

1. ಎರಡು ಮೂಲ, ಎರಡು ಅಪಾಯ

ಗದಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಗಟ್ಟಿಶಿಲೆಯ ಬಿರುಕುಗಳಲ್ಲಿ ನಿಂತ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿ ಕ್ಯಾಲ್ಸಿಯಂ ತಗ್ಗಿದಾಗ ಖನಿಜಗಳ ಫ್ಲೋರೈಡ್ ಕರಗುತ್ತದೆ. ಅದು ಕಾಲಕ್ರಮದಲ್ಲಿ ಕ್ಷಯಿಸುವುದಿಲ್ಲ. ಕುದಿಸಿದರೆ ಇನ್ನಷ್ಟು ಸಾಂದ್ರವಾಗುತ್ತದೆ.

ನರಗುಂದ, ರೋಣದ ಎರೆಭೂಮಿಗೆ ನವಿಲುತೀರ್ಥ ಅಣೆಕಟ್ಟೆಯಿಂದ ಮಲಪ್ರಭಾ ಕಾಲುವೆಯ ನೀರು ಬರುತ್ತದೆ. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿಗೆ ಹೊಡೆದ ಎಣ್ಣೆಯ (ಕೀಟನಾಶಕದ) ಉಳಿಕೆ ಮಳೆನೀರಿನೊಂದಿಗೆ ಹಳ್ಳ, ಕೆರೆ ಸೇರಬಹುದು. ಇಂಥ ಕೀಟನಾಶಕಗಳಲ್ಲಿ ಎಂಡೋಸಲ್ಫಾನ್ 2011ರಲ್ಲಿ ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ಕ್ಲೋರ್‌ಪೈರಿಫಾಸ್ 2025ರಲ್ಲಿ.

2. ಟಿಡಿಎಸ್ ಹೇಳದ್ದು

ಶುದ್ಧ ನೀರಿನ ಘಟಕಗಳಲ್ಲಿ ಜನರಿಗೆ ಪರಿಚಿತವಾದ ಅಂಕಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು). ಆ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂನಿಂದ 3ಕ್ಕೆ ಏರಿದರೂ ಸಾವಿರದ ಆಸುಪಾಸಿನ ಟಿಡಿಎಸ್‌ನಲ್ಲಿ ಆ ವ್ಯತ್ಯಾಸ ಕಾಣದು. ಐಎಸ್ 10500:2012 ಪ್ರಕಾರ ಫ್ಲೋರೈಡ್‌ನ ಸ್ವೀಕಾರಾರ್ಹ ಮಿತಿ 1.0 ಮಿ.ಗ್ರಾಂ, ಪರ್ಯಾಯ ಮೂಲವಿಲ್ಲದಿದ್ದರೆ 1.5. ಎಂಡೋಸಲ್ಫಾನ್ ಮಿತಿಯಂತೂ 0.4 ಮೈಕ್ರೋಗ್ರಾಂ, ಅಂದರೆ ಫ್ಲೋರೈಡ್ ಮಿತಿಯ 2500ನೇ ಒಂದು ಭಾಗ.

3. ಸಂವೇದಕಗಳ ಬಲ ಮತ್ತು ಮಿತಿ

ಫ್ಲೋರೈಡ್ ಅಳೆಯಲು ಫ್ರಾಂಟ್ ಮತ್ತು ರಾಸ್ 1966ರಲ್ಲಿ ವರದಿ ಮಾಡಿದ ಲ್ಯಾಂಥನಮ್ ಫ್ಲೋರೈಡ್ ಹರಳಿನ ವಿದ್ಯುದ್ವಾರ ಇಂದು ಕೈಚೀಲದಲ್ಲಿ ಒಯ್ಯುವಷ್ಟು ಚಿಕ್ಕದಾಗಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ ಹತ್ತುಪಟ್ಟಾದರೆ ವಿಭವ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಹಾಗಾಗಿ 1.0 ಮತ್ತು 1.5ರ ನಡುವಿನ ಅಂತರ ಬರೀ 10 ಮಿಲಿವೋಲ್ಟ್. ಒಂದು ಮಿಲಿವೋಲ್ಟ್ ತಪ್ಪಿದರೆ ಫಲಿತಾಂಶ ಸುಮಾರು ಶೇ 4ರಷ್ಟು ತಪ್ಪುತ್ತದೆ. 40 ಡಿಗ್ರಿಯಲ್ಲಿ ಆ 59 ಅಂಕಿ 62 ಆಗುವುದರಿಂದ, ಇಲ್ಲಿನ ಬೇಸಿಗೆಯಲ್ಲಿ ಸ್ಥಳದಲ್ಲೇ ಮಾಪನಾಂಕ ಹೊಂದಿಸುವುದು ಕಡ್ಡಾಯ. ಕ್ಷಾರೀಯತೆ, ಅಲ್ಯೂಮಿನಿಯಂ ಅಡ್ಡಿಯಾಗದಂತೆ ಬಫರ್ ದ್ರಾವಣವನ್ನೂ ಬೆರೆಸಬೇಕು.

ಕೀಟನಾಶಕಕ್ಕೆ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವ ಲೇಪಿಸಿದ ಪಟ್ಟಿಗಳಿವೆ. ಆರ್ಗನೋಫಾಸ್ಫರಸ್ ಮತ್ತು ಕಾರ್ಬಮೇಟ್ ವಿಷಗಳು ಕಿಣ್ವದ ಕೆಲಸ ತಗ್ಗಿಸುತ್ತವೆ. ಆ ಇಳಿಕೆಯೇ ಸೂಚನೆ. ಆದರೆ ಯಾವ ಕೀಟನಾಶಕವೆಂದು ಪಟ್ಟಿ ಹೇಳದು, ಬಿಸಿಲಿಗೆ ಕಿಣ್ವವೂ ಕೆಡುತ್ತದೆ. ಡಿಡಿಟಿ, ಎಂಡೋಸಲ್ಫಾನ್‌ನಂಥ ಆರ್ಗನೋಕ್ಲೋರಿನ್‌ಗಳು ಇದಕ್ಕೆ ಸಿಗುವುದಿಲ್ಲ. ಅವುಗಳಿಗೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇರುವ ಪ್ರಯೋಗಾಲಯವೇ ಬೇಕು.

4. ನಿಲುವು

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡುವ ವ್ಯವಸ್ಥೆ ಮಾಡಿದೆ. ಕಿಟ್ ಬಣ್ಣದ ಮೂಲಕ ಫ್ಲೋರೈಡ್, ನೈಟ್ರೇಟ್ ತೋರಿಸುತ್ತದೆ, ಕೀಟನಾಶಕವನ್ನಲ್ಲ. ಈ ಮಹಿಳೆಯರ ಕೈಗೆ ಕೊಳವೆಬಾವಿ ಊರುಗಳಲ್ಲಿ ಫ್ಲೋರೈಡ್ ವಿದ್ಯುದ್ವಾರ, ಕಾಲುವೆ ಕೆರೆಗಳ ಊರುಗಳಲ್ಲಿ ಸಿಂಪರಣೆಯ ಹಂಗಾಮಿನಲ್ಲಿ ಕಿಣ್ವಪಟ್ಟಿ ಕೊಡುವುದು ಯುಕ್ತ. ಘಟಕದ ಶುದ್ಧ ನೀರಿನಂತೆ, ಫ್ಲೋರೈಡ್ ಸಾಂದ್ರವಾಗಿ ಹೊರಬೀಳುವ ತ್ಯಾಜ್ಯ ನೀರನ್ನೂ ಅಳೆಯಬೇಕು. ಸಂವೇದಕ ಶಂಕೆಯನ್ನು ಗುರುತಿಸಲಿ, ತೀರ್ಮಾನ ಪ್ರಯೋಗಾಲಯದ್ದಾಗಲಿ. ಮಿತಿ ಮೀರಿದ ಅಂಕಿ ಬಂದಾಗ ಆ ಮೂಲವನ್ನು ನಿಲ್ಲಿಸಿ ಬೇರೆ ನೀರು ಕೊಡುವ ಹೊಣೆ ಯಾರದೆಂದು ಗ್ರಾಮ ಪಂಚಾಯಿತಿ ಮೊದಲೇ ಗೊತ್ತುಪಡಿಸದಿದ್ದರೆ ಎಂಥ ಉಪಕರಣದಿಂದಲೂ ಪ್ರಯೋಜನವಿಲ್ಲ.