ಸೈಲೆನ್ಸರಿಗೆ ಬಣ್ಣ

ಯೆಜ್ದಿ ಮೋಟಾರ್ ಸೈಕಲ್ಲಿನ ಚರಿತ್ರೆ ಹೇಳುವ ಗಂಡಸರು ಅದರ ಎಂಜಿನ್ನು, ಪಿಕಪ್ಪು, ಸದ್ದು ಇವನ್ನೇ ಹೇಳುತ್ತಾರೆ. ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತ ನಮಗೆ ಗೊತ್ತಿರುವುದು ಅದರ ಸೈಲೆನ್ಸರು. ಸಿಲಿಂಡರು ಒಂದೇ ಆದರೂ ಹೊಗೆ ಹೋಗಲು ಎರಡು ದಾರಿ, ಎಡಕ್ಕೊಂದು ಕೊಳವೆ, ಬಲಕ್ಕೊಂದು ಕೊಳವೆ. ಹೀಗಾಗಿ ಯಾವ ಕಡೆ ಕುಳಿತರೂ ಸೀರೆಯಂಚಿನ ಚಿಂತೆ ತಪ್ಪಿದ್ದಲ್ಲ. ನಮ್ಮ ಅತ್ತೆಯವರ ಮೀನಖಂಡದ ಮೇಲೆ ಹುಣಸೆಬೀಜದಷ್ಟು ಸುಟ್ಟ ಕಲೆ ಈಗಲೂ ಇದೆ. ಅದನ್ನು ತೋರಿಸಿ ಅವರು ನಗುತ್ತಾರೆಯೇ ಹೊರತು ಬಯ್ದದ್ದನ್ನು ನಾನು ಕೇಳಿಲ್ಲ.

ಗಾಡಿ ನಮ್ಮ ನಾಡಿನದೇ, ಹೆಸರು ಮಾತ್ರ ದೂರದ್ದು. ಚೆಕ್ ದೇಶದ ಯಾನೆಚೆಕ್ ಎಂಬಾತ 1929ರಲ್ಲಿ ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಜರ್ಮನಿಯ ವಾಂಡರರ್ ಕಂಪನಿಯ ಮೊದಲೆರಡು ಅಕ್ಷರ ಸೇರಿಸಿ ಜಾವಾ ಮಾಡಿದ. ಆ ಗಾಡಿಯನ್ನು ಮೈಸೂರಿನಲ್ಲಿ ಕಟ್ಟಲು ಇರಾನಿ ಮನೆತನದವರು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರ ಹೊತ್ತಿಗೆ ಜಾವಾ ಹೋಗಿ ಯೆಜ್ದಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ಎಂಬ ಊರಿನ ನೆನಪಿಗೆ ಇಟ್ಟದ್ದು ಎನ್ನುತ್ತಾರೆ.

ನಮ್ಮ ಮಾವನವರ ಯೆಜ್ದಿ 1979ರದು. ಆಗ ಆನೆಗೊಂದಿಯಿಂದ ಹೊಸಪೇಟೆಗೆ ಹತ್ತಿರದ ದಾರಿಯೆಂದರೆ ತುಂಗಭದ್ರೆಯನ್ನು ದಾಟುವುದು. ತಳವಾರಘಟ್ಟದ ಕಡೆಗೆ ಹೋಗುವ ಹರಿಗೋಲಿನಲ್ಲಿ ಜನರ ಜೊತೆಗೆ ಸೈಕಲ್ಲು, ಮೋಟಾರ್ ಸೈಕಲ್ಲು ಎಲ್ಲ ದಾಟುತ್ತಿದ್ದವು. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಹೊಳೆಯ ನೀರು, ಗದ್ದೆಯ ಕೆಸರು ಎರಡನ್ನೂ ಉಂಡ ಗಾಡಿಗೆ ತುಕ್ಕು ಹಿಡಿಯದೆ ಇನ್ನೇನಾದೀತು?

ಮಾವನವರು ತೀರಿಕೊಂಡ ಮೇಲೆ ಗಾಡಿ ಹಿತ್ತಲಿನ ಮಾಡಿನಲ್ಲಿ ನಿಂತಿತು. ಮೈದುನ ಗುಜರಿಗೆ ಹಾಕುವ ಮಾತೆತ್ತಿದ. ಅತ್ತೆ ಏನೂ ಹೇಳದೆ ಎದ್ದು ಒಳಗೆ ಹೋದರು. ಅಂದೇ ನಾನು ಗಂಗಾವತಿಯಿಂದ ಮಿಸ್ತ್ರಿಯನ್ನು ಕರೆಸಿದೆ. ಆತ ಕೊಳವೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಅಕ್ಕಾರ, ಇದನ್ನ ತಗದು ಡೂಪ್ಲಿಕೇಟ್ ಹಾಕಿಸ್ರಿ. ಆದ್ರ ಹಳೇ ತಗಡು ಬರೂದಿಲ್ಲ ಬಿಡ್ರಿ" ಎಂದ. ಬರುವುದೆಲ್ಲಿಂದ? ಕಾರ್ಖಾನೆಯೇ 1996ರಲ್ಲಿ ಮುಚ್ಚಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿ ಅದು. 1980ರ ದಶಕದಲ್ಲಿ ಕಡಿಮೆ ಪೆಟ್ರೋಲು ಕುಡಿಯುವ ಜಪಾನಿ ತಂತ್ರದ ಗಾಡಿಗಳು ಬಂದವು, ಕಾರ್ಮಿಕರ ತಕರಾರೂ ಇತ್ತು, ಕೊನೆಗೆ ಹೊಗೆಯ ಮೇಲಿನ ಸರಕಾರಿ ನಿಯಮ 1996ರಲ್ಲಿ ಇನ್ನಷ್ಟು ಬಿಗಿಯಾಯಿತು. ಈ ಜೋಡಿ ಕೊಳವೆಯಿಂದ ಬಂದ ನೀಲಿ ಹೊಗೆಗೂ ಆ ಬಾಗಿಲು ಮುಚ್ಚಿದ್ದರಲ್ಲಿ ಪಾಲಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೊಸದಾಗಿ ಮತ್ತೆ ಬಂದವು. ಅವು ಫೋರ್ ಸ್ಟ್ರೋಕ್, ಅವುಗಳ ಸಾಮಾನು ಹಳೆಯದಕ್ಕೆ ಹೊಂದುವುದಿಲ್ಲ. ಜೋಡಿ ಸೈಲೆನ್ಸರಿನ ಶೋಕಿಯನ್ನು ಮಾತ್ರ ಹೊಸಬರೂ ಬಿಟ್ಟಿಲ್ಲ ನೋಡಿ!

ತೂತು ಬಿದ್ದಿಲ್ಲದ್ದರಿಂದ ಬಣ್ಣ ಹಚ್ಚುವುದೆಂದು ನಿಶ್ಚಯಿಸಿದೆ. ಮಿಸ್ತ್ರಿ ಕೊಳವೆಗಳನ್ನು ಬಿಚ್ಚಿಕೊಟ್ಟು ಹೋದ. ಹಿಂತುದಿಯಿಂದ ಎಳೆದ ಒಳಗಿನ ಜಾಲರಿಗೆ ಎಣ್ಣೆಯ ಕರಿ ಬೆರಳು ದಪ್ಪ ಕಟ್ಟಿತ್ತು. ಅದನ್ನು ಬಯಲಿನಲ್ಲಿ ಕುಳ್ಳಿನ ಬೆಂಕಿಗೆ ಹಾಕಿ ಸುಟ್ಟು ಕೆರೆದೆವು. ಹೊರಗಿನ ಕೆಲಸಕ್ಕೆ ಸೈರಣೆ ಬೇಕು. ಹೊಳಪಿನ ಕೊಳವೆಯೆಂದರೆ ತಗಡಿನ ಮೇಲೆ ನಿಕಲ್ಲು, ಅದರ ಮೇಲೆ ಕ್ರೋಮಿನ ತೆಳು ಲೇಪ. ಸಣ್ಣ ಬಿರುಕು ಸಿಕ್ಕರೂ ತೇವ ಒಳಗಿಳಿದು ತಗಡನ್ನು ತಿನ್ನುತ್ತದೆ. ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಉಳಿದ ಹೊಳಪನ್ನೂ ಪಾಲಿಶ್ ಕಾಗದದಿಂದ ಒರಟು ಮಾಡಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಥಿನ್ನರಿನಿಂದ ಜಿಡ್ಡು ಒರೆಸಬೇಕು, ಒಲೆಯಿಂದ ದೂರ ಕುಳಿತು. ಕಿಟಕಿ ಸರಳಿಗೆ ಹಚ್ಚುವ ಎನಾಮೆಲ್ ಇಲ್ಲಿ ನಡೆಯದು, ಬಿಸಿಗೆ ಗುಳ್ಳೆಯೆದ್ದು ಸುಟ್ಟುಹೋಗುತ್ತದೆ. ಸಿಲಿಕೋನ್ ಸೇರಿದ, ಬಿಸಿ ತಡೆಯುವ ಸಿಲ್ವರ್ ಬಣ್ಣ ಬೇಕು. ಅದು ಗಾಡಿಯ ಬಿಸಿಯಲ್ಲಿಯೇ ಕಾದು ಪೂರ್ತಿ ಗಟ್ಟಿಯಾಗುತ್ತದೆ.

"ಹೆಂಗಸರು ಗಾಡಿಗೆ ಬಣ್ಣ ಹಚ್ಚೂದು ಎಲ್ಯಾರ ಕಂಡೀರೇನು?" ಎಂದು ಓಣಿಯವರು ನಕ್ಕರು. ನಮ್ಮ ಕಡೆ ಹಬ್ಬ ಬಂದರೆ ಗೋಡೆಗೆ ಸುಣ್ಣ, ಕಟ್ಟೆಗೆ ಕೆಮ್ಮಣ್ಣು ಬಳಿಯುವವರು ಯಾರು? ಕೆಮ್ಮಣ್ಣಿನ ಕೆಂಪೂ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಕೂಡಿ ಆದದ್ದೇ, ಅಂದರೆ ತುಕ್ಕಿನ ಬಳಗ. ಆನೆಗೊಂದಿಯ ಗುಡ್ಡದಲ್ಲಿ ಒನಕೆ ಕಿಂಡಿಯ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದವರು ಬರೆದ ಕೆಂಪು ಚಿತ್ರಗಳಿವೆ. ಹೊಳೆಯ ಆಚೆ ಸಂಡೂರಿನ ಗುಡ್ಡಗಳ ತುಂಬ ಅದೇ ಕೆಂಪು ಅದಿರು. ಬಂಡೆಯ ಮೇಲೆ ಸಾವಿರಾರು ವರ್ಷ ನಿಂತ ಕೆಂಪು, ಕೊಳವೆಯ ಮೇಲೆ ನಾಲ್ಕು ಮಳೆಗಾಲದಲ್ಲಿ ತಗಡನ್ನು ತಿಂದುಹಾಕುತ್ತದೆ. ಅಲ್ಲಿ ಅದು ಬಣ್ಣ, ಇಲ್ಲಿ ರೋಗ.

ಬಲಗಡೆಯ ಕೊಳವೆಗೆ ಎರಡು ಕೋಟು ಮುಗಿಯಿತು. ಅತ್ತೆ ಬಂದು ಮುಟ್ಟಲಿಲ್ಲ, ಬಗ್ಗಿ ನೋಡಿ, "ಎಡಗಡೆದಕ್ಕ ಚಂದಂಗ ಹಚ್ಚವಾ, ನಾ ಕೂಡತಿದ್ದದ್ದು ಆ ಕಡೆ" ಎಂದರು. ಎಡಗಡೆಯದಕ್ಕೆ ಮೊದಲ ಕೋಟು ಆಗಿದೆ, ನಾಳೆ ಬಿಸಿಲು ಬಿದ್ದರೆ ಎರಡನೆಯದು.