ಮಹಾಧಮನಿಯ ಸುಳಿ: ಲಿಯೊನಾರ್ಡೊವಿನ ಊಹೆಯೂ ಕಾಂತಚಿತ್ರಣದ ಸಾಕ್ಷ್ಯವೂ

ಹೃದಯದಿಂದ ಹೊರಟ ರಕ್ತವು ಮಹಾಧಮನಿಯನ್ನು ಹೊಗುವಾಗ ಎಲ್ಲವೂ ನೇರವಾಗಿ ಮುಂದಕ್ಕೆ ಹರಿಯುವುದಿಲ್ಲ; ಕವಾಟದ ದಳಗಳ ಹಿಂದಿರುವ ಗುಳಿಗಳಲ್ಲಿ ಅದರ ಒಂದಂಶವು ಸುಳಿಗೊಂಡು ತಿರುಗುವುದು. ಇದನ್ನು ಬರೆದಿಟ್ಟವನು ಲಿಯೊನಾರ್ಡೊ ಡ ವಿಂಚಿ. ಕ್ರಿ. ಶ. 1513ರ ಸುಮಾರಿನಲ್ಲಿ ಆತನು ಎತ್ತಿನ ಹೃದಯವನ್ನು ಕೊಯ್ದು ನೋಡಿದನು. ಮಹಾಧಮನಿಯ ಬುಡದ ಗಾಜಿನ ಪ್ರತಿಕೃತಿಯಲ್ಲಿ ನೀರನ್ನೂ ಹುಲ್ಲಿನ ಬೀಜಗಳನ್ನೂ ಹರಿಯಬಿಟ್ಟು ಪ್ರವಾಹದ ಜಾಡನ್ನು ಹಿಡಿಯುವ ಉಪಾಯವನ್ನು ತನ್ನ ಟಿಪ್ಪಣಿಗಳಲ್ಲಿ ಹೇಳಿರುವನು. ಕವಾಟವು ಮುಚ್ಚುವುದಕ್ಕೆ ಈ ಸುಳಿಯೇ ಕಾರಣವೆಂಬುದು ಆತನ ಮತ. ರಕ್ತವು ದೇಹವನ್ನೆಲ್ಲ ಸುತ್ತಿ ಹೃದಯಕ್ಕೆ ಮರಳುವುದೆಂಬುದು ಮಾತ್ರ ಆತನಿಗೆ ತಿಳಿದಿರಲಿಲ್ಲ. ಅದನ್ನು ವಿಲಿಯಂ ಹಾರ್ವೆಯು ಪ್ರಕಟಿಸಿದುದು 1628ರಲ್ಲಿ. ಹೊಳೆಯು ಎಲ್ಲಿಗೆ ಹೋಗುವುದೆಂದು ಅರಿಯದವನು ಅದರ ಮಡುವಿನ ಸುಳಿಯನ್ನು ಸರಿಯಾಗಿ ಕಂಡುದು ಸೋಜಿಗವೇ ಸರಿ. ಆದರೆ ಈಗ ವಿಂಡ್ಸರಿನಲ್ಲಿರುವ ಆ ಹಾಳೆಗಳು ಆತನ ಕಾಲದಲ್ಲಿ ಅಚ್ಚಾಗಲಿಲ್ಲವಾದುದರಿಂದ ಅವುಗಳ ಪ್ರಯೋಜನವು ವೈದ್ಯರಿಗೆ ಒದಗಲಿಲ್ಲ.

ಮುಂದಿನ ಶತಮಾನಗಳಲ್ಲಿ ಮಹಾಧಮನಿಯ ರೋಗಗಳು ತಿಳಿದುಬಂದುದು ಶವಪರೀಕ್ಷೆಯಿಂದ. 1760ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜನು ಹಠಾತ್ತನೆ ಮೃತನಾದಾಗ, ವೈದ್ಯ ಫ್ರಾಂಕ್ ನಿಕೋಲ್ಸನು ಹೃದಯದ ಹೊದಿಕೆಯಲ್ಲಿ ತುಂಬಿನಿಂತ ರಕ್ತವನ್ನೂ ಮಹಾಧಮನಿಯ ಒಳಪದರದಲ್ಲಿ ಒಂದು ಅಡ್ಡ ಬಿರುಕನ್ನೂ ಕಂಡನು. ಗೋಡೆಯ ಗಾಯವೇನೋ ಕಂಡಿತು. ಆ ಗೋಡೆಯನ್ನು ದಿನವೂ ಉಜ್ಜಿದ ಪ್ರವಾಹವು ನಿಂತುಹೋಗಿದ್ದಿತು. ಕ್ಷಕಿರಣಗಳು ಬಂದ ಮೇಲೆ ಬದುಕಿರುವವರ ಧಮನಿಯ ಆಕಾರವೂ, ಶ್ರವಣಾತೀತ ಶಬ್ದದಿಂದ ಅದರ ಅಲೆ ಹೋದ ದಿಕ್ಕಿನಲ್ಲಿನ ರಕ್ತದ ವೇಗವೂ ತಿಳಿದುವು. ಸುಳಿಯನ್ನು ಎಲ್ಲ ದಿಕ್ಕುಗಳಿಂದಲೂ ಕಾಣುವ ಬಗೆ ಬೇರೊಂದು ಶಾಸ್ತ್ರದಿಂದ ಬರಬೇಕಾಯಿತು.

ಪ್ರಬಲವಾದ ಕಾಂತಕ್ಷೇತ್ರದಲ್ಲಿ ಜಲಜನಕದ ಪರಮಾಣುಬೀಜಗಳು ವಾಲಿ ತಿರುಗುವ ಬುಗುರಿಗಳಂತೆ ವರ್ತಿಸುವುವು. ಅವು ರೇಡಿಯೋ ಅಲೆಗಳಿಗೆ ಕೊಡುವ ಉತ್ತರವನ್ನು 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬವರು ಬೇರೆಬೇರೆಯಾಗಿ ದ್ರವಘನಗಳಲ್ಲಿ ತೋರಿಸಿದರು. ಕಾಂತಬಲವನ್ನು ಒಂದು ಕಡೆಯಿಂದ ಮತ್ತೊಂದು ಕಡೆಗೆ ಕ್ರಮವಾಗಿ ಏರುವಂತೆ ಮಾಡಿ, ಕ್ಷಣದಲ್ಲಿಯೇ ಆ ಏರಿಕೆಯನ್ನು ಅಷ್ಟೇ ಪ್ರಮಾಣದಲ್ಲಿ ತಿರುಗಿಸಿದರೆ, ನಿಂತ ಬೀಜದ ಲೆಕ್ಕವು ಚುಕ್ತಾ ಆಗುವುದು. ಚಲಿಸಿದ ಬೀಜದಲ್ಲಿ ಮಾತ್ರ ವೇಗಕ್ಕೆ ತಕ್ಕಷ್ಟು ಬಾಕಿ ಉಳಿಯುವುದು. ಆ ಬಾಕಿಯೇ ವೇಗದ ಅಳತೆ. 1960ರಲ್ಲಿ ಎರ್ವಿನ್ ಹಾನ್ ಈ ಮಾರ್ಗವನ್ನು ಸೂಚಿಸಿದುದು ರಕ್ತಕ್ಕಾಗಿ ಅಲ್ಲ, ಸಮುದ್ರದ ನೀರಿನ ಚಲನೆಯನ್ನು ತಿಳಿಯುವುದಕ್ಕಾಗಿ! ಲಾಟರ್‌ಬರ್ 1973ರಲ್ಲಿ ಕಾಂತಾನುರಣನದಿಂದ ಚಿತ್ರವನ್ನು ಪಡೆದನು; 1982ರಲ್ಲಿ ಮೋರನ್ ಎಂಬವನು ವೇಗದ ಅಳತೆಯನ್ನು ಚಿತ್ರದೊಡನೆ ಸೇರಿಸುವ ಕ್ರಮವನ್ನು ಬರೆದನು.

1993ರಲ್ಲಿ ಕಿಲ್ನರ್ ಮೊದಲಾದವರು ಆರೋಗ್ಯವಂತರ ಮಹಾಧಮನಿಯ ಕಮಾನಿನಲ್ಲಿ ರಕ್ತವು ಹುರಿಗೊಂಡು ಹರಿಯುವುದನ್ನು ಈ ವಿಧಾನದಿಂದ ತೋರಿಸಿದರು. ಕವಾಟದ ಹಿಂದಿನ ಸುಳಿಗಳನ್ನು ಬದುಕಿರುವವರಲ್ಲಿ ಕಂಡು ಲಿಯೊನಾರ್ಡೊವಿನ ಹೆಸರನ್ನೇ ಎತ್ತಿ ಆಕ್ಸ್‌ಫರ್ಡಿನ ಸಂಶೋಧಕರು ಬರೆದುದು 2014ರಲ್ಲಿ, ಎಂದರೆ ಸುಮಾರು ಐದು ಶತಮಾನಗಳ ತರುವಾಯ.

ಇದು ಕುತೂಹಲದ ವಿಷಯ ಮಾತ್ರವಲ್ಲ. ಮಹಾಧಮನಿಯು ಎಷ್ಟು ಅಗಲವಾಗಿದೆಯೆಂಬುದರ ಮೇಲೆ ಶಸ್ತ್ರಚಿಕಿತ್ಸೆಯನ್ನು ನಿಶ್ಚಯಿಸುವುದು ರೂಢಿ, ಬಹುಕಾಲ 5.5 ಸೆಂಟಿಮೀಟರು ಅದರ ಎಲ್ಲೆಯಾಗಿದ್ದಿತು. ಆದರೆ ಆರೋಹಣ ಭಾಗದ ಪದರವು ಸೀಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಧಮನಿಯು ಆ ಎಲ್ಲೆಯನ್ನು ಮುಟ್ಟಿರಲಿಲ್ಲವೆಂದು 2007ರ ಅಂತರರಾಷ್ಟ್ರೀಯ ವರದಿಯು ತಿಳಿಸಿತು. ಅಗಲವೊಂದೇ ಪ್ರಮಾಣವಾಗಲಾರದು. ಕವಾಟಕ್ಕೆ ಹುಟ್ಟಿನಿಂದ ಮೂರರ ಬದಲು ಎರಡೇ ದಳಗಳಿದ್ದವರಲ್ಲಿ ರಕ್ತದ ಧಾರೆಯು ಓರೆಯಾಗಿ ಚಿಮ್ಮಿ ಗೋಡೆಯ ಒಂದು ಪಾರ್ಶ್ವವನ್ನೇ ಬಡಿಯುವುದು ಕಾಂತಚಿತ್ರದಲ್ಲಿ ಕಾಣುವುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶವನ್ನು ಇಂಥ ಚಿತ್ರಗಳೊಡನೆ ಹೋಲಿಸಿದ 2015ರ ಶೋಧನೆಯಲ್ಲಿ, ಉಜ್ಜುವಿಕೆ ಹೆಚ್ಚಾದ ಕಡೆ ಗೋಡೆಯ ಸ್ಥಿತಿಸ್ಥಾಪಕ ತಂತುಗಳು ಹೆಚ್ಚು ಕ್ಷಯಿಸಿರುವುದು ಕಂಡುಬಂದಿತು. ಆದರೂ ಈ ಉಜ್ಜುವ ಬಲವು ನೇರವಾಗಿ ಅಳೆದುದಲ್ಲ, ವೇಗಗಳಿಂದ ಗಣಿಸಿದುದು. ಚಿತ್ರದ ಒಂದೊಂದು ಕಣವೂ ಮಿಲಿಮೀಟರುಗಳಷ್ಟು ದೊಡ್ಡದಾದುದರಿಂದ, ಗೋಡೆಯ ಸಮೀಪದಲ್ಲಿ ಆ ಗಣನೆಯು ನಿಜಕ್ಕಿಂತ ಕಡಮೆಯಾಗಿಯೇ ಬರುವುದು.