ಬೂಟು ಕೋಣೆಯಿಂದ ಬಂದವರು: ಲಿವರ್‌ಪೂಲ್ ಮ್ಯಾನೇಜರ್‌ಗಳ ಕಥೆ

ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಹೆಸರು ಆ್ಯನ್‌ಫೀಲ್ಡ್. ಅಲ್ಲಿ ಮುಖ್ಯ ಗ್ಯಾಲರಿಯ ಕೆಳಗೆ, ಆಟಗಾರರು ಬಟ್ಟೆ ಬದಲಿಸುವ ಜಾಗದ ಹತ್ತಿರ, ಬೂಟು ಇಡುವ ಒಂದು ಸಣ್ಣ ಕೋಣೆ ಇತ್ತು. ಕಿಟಕಿ ಇರಲಿಲ್ಲ. ನೇತುಹಾಕಿದ ಬೂಟುಗಳ ನಡುವೆ, ಮಗುಚಿ ಹಾಕಿದ ಕ್ರೇಟುಗಳ ಮೇಲೆ ನಾಲ್ಕೈದು ಜನ ಕೂತು, ಚಹಾ ಇಲ್ಲವೇ ಬಿಯರ್ ಕುಡಿಯುತ್ತಾ ಅವತ್ತಿನ ಆಟದ ಬಗ್ಗೆ ಮಾತಾಡುತ್ತಿದ್ದರು. ಯಾರ ಮಂಡಿ ನೋಯುತ್ತಿದೆ, ಯಾರು ಓಡದೆ ಕಳ್ಳಾಟ ಆಡುತ್ತಿದ್ದಾನೆ, ಮುಂದಿನ ವಾರದ ಎದುರಾಳಿ ಎಲ್ಲಿ ಬಲ, ಎಲ್ಲಿ ದುರ್ಬಲ. ಕಟ್ಟೆ ಮೇಲೆ ಕೂತು ಮಳೆ ಬೆಳೆ ಮಾತಾಡಿದ ಹಾಗೆ.

ಆ ಕ್ರೇಟುಗಳ ಮೇಲೆ ಕೂತಿದ್ದವರಲ್ಲೇ ಇಬ್ಬರು ಮುಂದೆ ಒಬ್ಬರಾದ ಮೇಲೊಬ್ಬರು ಕ್ಲಬ್ಬಿನ ಮ್ಯಾನೇಜರ್ ಆದರು. ಹೊರಗಿನಿಂದ ದೊಡ್ಡ ಹೆಸರಿನವರನ್ನು ತರಲಿಲ್ಲ. ಅವರ ಕಾಲದಲ್ಲಿ ಲಿವರ್‌ಪೂಲ್ ಯುರೋಪಿನಲ್ಲೇ ಎಲ್ಲರೂ ಹೆದರುವ ತಂಡವಾಯಿತು. ಗೆದ್ದ ಕಪ್ಪುಗಳ ಲೆಕ್ಕ ಎಲ್ಲಾ ಕಡೆ ಸಿಗುತ್ತದೆ. ಆ ಕುರ್ಚಿ ಅದರಲ್ಲಿ ಕೂತವರನ್ನು ಏನು ಮಾಡಿತು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಇಲ್ಲಿ ಹೇಳಹೊರಟಿರುವುದು ಅದನ್ನೇ.

ಮೊದಲು ಒಂದು ಮಾತು. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ನಮ್ಮ ಬ್ಯಾಂಕ್ ಮ್ಯಾನೇಜರ್ ಥರ ಅಲ್ಲ. ಕ್ರಿಕೆಟ್‌ನ ಕೋಚ್ ಮತ್ತು ಆಯ್ಕೆ ಸಮಿತಿ ಎರಡನ್ನೂ ಒಬ್ಬರ ತಲೆಗೇ ಕಟ್ಟಿದರೆ ಹೇಗಿರುತ್ತೋ ಹಾಗೆ. ಯಾರನ್ನು ಕೊಳ್ಳಬೇಕು, ಯಾರನ್ನು ಆಡಿಸಬೇಕು, ಯಾರನ್ನು ಹೊರಗೆ ಕೂರಿಸಬೇಕು, ಎಲ್ಲಕ್ಕೂ ಅವರೇ ಹೊಣೆ. ಗೆದ್ದರೆ ಮೆರವಣಿಗೆ, ಸೋತರೆ ಗೇಟ್‌ಪಾಸ್.

ಲಿವರ್‌ಪೂಲ್ ಕ್ಲಬ್ ಹುಟ್ಟಿದ್ದೇ ಒಂದು ಬಾಡಿಗೆ ಜಗಳದಿಂದ. ಆ್ಯನ್‌ಫೀಲ್ಡ್‌ನಲ್ಲಿ ಮೊದಲು ಆಡುತ್ತಿದ್ದದ್ದು ಎವರ್ಟನ್ ತಂಡ. ಜಾಗದ ಧಣಿ ಜಾನ್ ಹೌಲ್ಡಿಂಗ್ ಜೊತೆ ಬಾಡಿಗೆ ವಿಚಾರಕ್ಕೆ ಮನಸ್ತಾಪವಾಗಿ 1892ರಲ್ಲಿ ಎವರ್ಟನ್ ಬೇರೆ ಮೈದಾನ ನೋಡಿಕೊಂಡಿತು. ಖಾಲಿ ಮೈದಾನ ಇಟ್ಟುಕೊಂಡು ಏನು ಮಾಡುವುದು? ಹೌಲ್ಡಿಂಗ್ ತಾವೇ ಒಂದು ತಂಡ ಕಟ್ಟಿದರು. 1896ರಲ್ಲಿ ಬಂದ ಟಾಮ್ ವಾಟ್ಸನ್ 1901 ಮತ್ತು 1906ರಲ್ಲಿ ಲೀಗ್ ಗೆಲ್ಲಿಸಿ, 1915ರಲ್ಲಿ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಡೇವಿಡ್ ಆಶ್‌ವರ್ತ್ 1922ರಲ್ಲಿ ಲೀಗ್ ಗೆಲ್ಲಿಸಿದರು. ಮರು ವರ್ಷ ತಂಡ ಮತ್ತೆ ಮೇಲಿರುವಾಗಲೇ, ನಡು ಋತುವಿನಲ್ಲಿ ಬಿಟ್ಟು ಓಲ್ಡಮ್ ಅನ್ನುವ ಇನ್ನೊಂದು ಕ್ಲಬ್ಬಿಗೆ ಹೋದರು. ಗೆಲ್ಲುವ ತಂಡವನ್ನು ಹಾಗೆ ಬಿಟ್ಟು ಹೋಗುವವರು ಅಪರೂಪ. ಮ್ಯಾಟ್ ಮೆಕ್ವೀನ್ ಬಂದು 1923ರ ಲೀಗ್ ಮುಗಿಸಿಕೊಟ್ಟರು. ಜಾರ್ಜ್ ಕೇ 1947ರಲ್ಲಿ ಇನ್ನೊಂದು ಗೆಲ್ಲಿಸಿದರು. ಆಮೇಲೆ ಇಳಿಜಾರು. 1954ರಲ್ಲಿ ತಂಡ ಎರಡನೇ ದರ್ಜೆಗೆ ಬಿತ್ತು. ಅಲ್ಲಿ ಲೀಗಿನ ಕೊನೆಯಲ್ಲಿ ಉಳಿದ ತಂಡಗಳನ್ನು ಕೆಳಗಿನ ದರ್ಜೆಗೆ ತಳ್ಳುತ್ತಾರೆ, ಅಲ್ಲಿ ಗೆದ್ದು ಮತ್ತೆ ಮೇಲೆ ಬರಬೇಕು. 1959ರ ಜನವರಿಯಲ್ಲಿ ಎಫ್‌ಎ ಕಪ್ಪಿನಲ್ಲಿ ವೂಸ್ಟರ್ ಸಿಟಿ ಎಂಬ, ಲೀಗಿನಲ್ಲೇ ಇಲ್ಲದ ಸಣ್ಣ ತಂಡದ ಎದುರು ಸೋತಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಿಲ್ ಶ್ಯಾಂಕ್ಲಿ ಬಂದರು.

ಶ್ಯಾಂಕ್ಲಿ ಹುಟ್ಟಿದ್ದು 1913ರಲ್ಲಿ, ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಕಲ್ಲಿದ್ದಲು ಹಳ್ಳಿಯಲ್ಲಿ. ಮನೆಯಲ್ಲಿ ಹತ್ತು ಮಕ್ಕಳು, ಅದರಲ್ಲಿ ಐದು ಗಂಡು. ಐವರೂ ವೃತ್ತಿಪರ ಫುಟ್‌ಬಾಲ್ ಆಟಗಾರರಾದರು. ಶಾಲೆ ಬಿಟ್ಟ ಹುಡುಗ ಗಣಿ ಕೆಲಸಕ್ಕೆ ಸೇರಿದ. ಗಣಿ ಮುಚ್ಚಿತು, ಕಾಲು ಉಳಿಯಿತು. ಗಣಿ ಹೋದ ಮೇಲೆ ಗ್ಲೆನ್‌ಬಕ್ ಊರೂ ಉಳಿಯಲಿಲ್ಲ, ಇವತ್ತು ಅಲ್ಲಿರುವುದು ಶ್ಯಾಂಕ್ಲಿಯ ಹೆಸರಿನ ಸ್ಮಾರಕ.

ಲಿವರ್‌ಪೂಲಿಗೆ ಬಂದಾಗ ಅಭ್ಯಾಸದ ಮೈದಾನ ಮೆಲ್‌ವುಡ್ ಪಾಳುಬಿದ್ದ ಹಾಗಿತ್ತು. ಹೊಸ ಮ್ಯಾನೇಜರ್ ಬಂದರೆ ಹಳೆ ಸಿಬ್ಬಂದಿಗೆ ಗಂಟುಮೂಟೆ ಕಟ್ಟಿಸುವುದು ಅಲ್ಲಿನ ರೂಢಿ. ಶ್ಯಾಂಕ್ಲಿ ಹಾಗೆ ಮಾಡಲಿಲ್ಲ. ಬಾಬ್ ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಮೂವರನ್ನೂ ಉಳಿಸಿಕೊಂಡರು. ನನ್ನನ್ನು ಕೇಳಿದರೆ ಶ್ಯಾಂಕ್ಲಿ ಕೊಂಡ ಯಾವ ಆಟಗಾರನಿಗಿಂತಲೂ ಈ ತೀರ್ಮಾನವೇ ದೊಡ್ಡದು. ಬೂಟು ಕೋಣೆಯಲ್ಲಿ ಕೂರುತ್ತಿದ್ದದ್ದು ಇವರೇ. ಶ್ಯಾಂಕ್ಲಿ ಅಲ್ಲಿ ಕೂತದ್ದು ಕಡಿಮೆ.

ಅಭ್ಯಾಸ ಸರಳ. ಐದೈದು ಜನರ ಸಣ್ಣ ಆಟ, ಚೆಂಡು ಸಿಕ್ಕ ಕೂಡಲೇ ಪಕ್ಕದವನಿಗೆ ಕೊಡು, ಜಾಗ ಹುಡುಕಿ ಓಡು. ಆಟಗಾರರು ಆ್ಯನ್‌ಫೀಲ್ಡ್‌ನಲ್ಲಿ ಬಟ್ಟೆ ಬದಲಿಸಿ ಬಸ್ಸಿನಲ್ಲಿ ಮೆಲ್‌ವುಡ್‌ಗೆ ಹೋಗಿ, ಮುಗಿದ ಮೇಲೆ ಬಸ್ಸಿನಲ್ಲೇ ವಾಪಸ್ ಬಂದು ಸ್ನಾನ ಮಾಡುತ್ತಿದ್ದರು. ಬೆವರು ಆರಿ, ಮೈ ತಣಿದ ಮೇಲೆ ಸ್ನಾನ. ಇದೂ ಯೋಚಿಸಿ ಮಾಡಿದ್ದೇ. ಪ್ರತಿ ದಿನದ ಅಭ್ಯಾಸ, ಹವೆ, ಗಾಯ ಎಲ್ಲವನ್ನೂ ಕೋಚ್‌ಗಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಯಾರಿಗೋ ಸ್ನಾಯು ಹಿಡಿದರೆ, ಹಿಂದೆ ಇದೇ ತಿಂಗಳಲ್ಲಿ ಏನಾಗಿತ್ತು ಎಂದು ತೆಗೆದು ನೋಡುವುದು.

1962ರಲ್ಲಿ ತಂಡ ಮೇಲಿನ ದರ್ಜೆಗೆ ಬಂತು. 1964, 1966, 1973ರಲ್ಲಿ ಲೀಗ್. 1965ರಲ್ಲಿ ಕ್ಲಬ್ಬಿನ ಮೊದಲ ಎಫ್‌ಎ ಕಪ್. ತಲೆಯಿಂದ ಕಾಲಿನವರೆಗೆ ಕೆಂಪು ಬಟ್ಟೆ ತೊಡಿಸಿದ್ದೂ ಶ್ಯಾಂಕ್ಲಿಯೇ. 1974ರಲ್ಲಿ ಮತ್ತೆ ಎಫ್‌ಎ ಕಪ್ ಗೆದ್ದು, ಅದೇ ಜುಲೈ 12ರಂದು ಎಲ್ಲರೂ ಬೆಚ್ಚಿಬೀಳುವಂತೆ ರಾಜೀನಾಮೆ ಕೊಟ್ಟರು. ಸಾಕಾಗಿತ್ತು, ಮನೆಯವರಿಗೆ ಸಮಯ ಕೊಡಬೇಕಿತ್ತು.

ಆದರೆ ಮನೆಯಲ್ಲಿ ಕೂರಲು ಆಗಲಿಲ್ಲ. ಹದಿನೈದು ವರ್ಷದ ಅಭ್ಯಾಸ, ಬೆಳಗಾದರೆ ಕಾಲು ಮೆಲ್‌ವುಡ್ ಕಡೆಗೇ ಎಳೆಯುತ್ತಿತ್ತು. ಹೋದರು, ಹುಡುಗರ ಜೊತೆ ಓಡಿದರು. ಹುಡುಗರು ಬಾಯಿತಪ್ಪಿ ಅವರನ್ನೇ ‘ಬಾಸ್’ ಎನ್ನುತ್ತಿದ್ದರು. ಪಕ್ಕದಲ್ಲಿ ಹೊಸ ಬಾಸ್ ಪೈಸ್ಲಿ ನಿಂತಿದ್ದಾರೆ. ಮನೆ ಮಗನಿಗೆ ಯಜಮಾನಿಕೆ ಕೊಟ್ಟ ಮೇಲೂ ಹೊಲದ ಬದುವಿನಲ್ಲಿ ನಿಂತು ಆಳುಗಳಿಗೆ ಕೆಲಸ ಹೇಳುವ ಅಪ್ಪನನ್ನು ನೀವೂ ನೋಡಿರುತ್ತೀರಿ. ಅಪ್ಪನದೂ ತಪ್ಪಲ್ಲ, ಮಗನದೂ ತಪ್ಪಲ್ಲ. ಕೊನೆಗೆ, ತಾವು ಬರುವುದು ಕ್ಲಬ್ಬಿಗೆ ಬೇಕಿಲ್ಲ ಎಂಬುದು ಶ್ಯಾಂಕ್ಲಿಗೆ ಅರ್ಥವಾಯಿತು. ಆ ನೋವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ಎವರ್ಟನ್‌ನ ಅಭ್ಯಾಸದ ಮೈದಾನ ಅವರ ಮನೆ ಪಕ್ಕದಲ್ಲೇ ಇತ್ತು. ಯಾವ ಕ್ಲಬ್ಬಿನ ವಿರುದ್ಧ ಜೀವಮಾನ ಹೋರಾಡಿದರೋ ಆ ಕ್ಲಬ್ಬಿನವರೇ ಅವರನ್ನು ಪ್ರೀತಿಯಿಂದ ಒಳಗೆ ಕರೆದರು. 1981ರ ಸೆಪ್ಟೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 68.

ಇನ್ನು ಪೈಸ್ಲಿ. ಅವರಿಗೆ ಈ ಕುರ್ಚಿ ಬೇಕಿರಲಿಲ್ಲ, ಹಾಗಂತ ಆಟಗಾರರ ಎದುರಿಗೇ ಹೇಳಿದ್ದರು. ಡರ್ಹಮ್ ಜಿಲ್ಲೆಯ ಹೆಟ್ಟನ್ ಎಂಬ ಗಣಿ ಊರಿನವರು, ಗಾರೆ ಕೆಲಸ ಕಲಿತವರು. 1939ರಲ್ಲಿ ಲಿವರ್‌ಪೂಲಿಗೆ ಆಟಗಾರನಾಗಿ ಬಂದರು. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಸೈನ್ಯಕ್ಕೆ ಹೋದರು, ಉತ್ತರ ಆಫ್ರಿಕಾ, ಇಟಲಿ ಎಲ್ಲ ಕಂಡರು. ವಾಪಸ್ ಬಂದು 1947ರ ಲೀಗ್ ಗೆದ್ದ ತಂಡದಲ್ಲಿ ಆಡಿದರು. 1950ರ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಗೋಲು ಹೊಡೆದರು. ಆದರೂ ಫೈನಲ್‌ಗೆ ಅವರನ್ನು ಕೈಬಿಟ್ಟರು. ಮುಂದೆ ಮ್ಯಾನೇಜರ್ ಆಗಿ ಒಬ್ಬ ಹುಡುಗನಿಗೆ ‘ನೀನು ಇವತ್ತು ಆಡ್ತಿಲ್ಲ’ ಎಂದು ಹೇಳುವಾಗ ಆ ಮಾತು ಎಷ್ಟು ಉರಿಯುತ್ತದೆ ಎಂದು ಅವರಿಗೆ ಗೊತ್ತಿತ್ತು.

ಶ್ಯಾಂಕ್ಲಿ ಮಾತಿನ ಮಲ್ಲ. ಪೈಸ್ಲಿಗೆ ಮಾತೇ ಬರದು, ಅರ್ಧ ವಾಕ್ಯ ಆಡಿ ಉಳಿದದ್ದನ್ನು ಕೈಯಲ್ಲಿ ತೋರಿಸುವವರು. ಆದರೆ ಕಣ್ಣು ಮಾತ್ರ ಚುರುಕು. ಆಟಗಾರ ಹೆಜ್ಜೆ ಇಡುವುದನ್ನು ನೋಡಿಯೇ ಎಲ್ಲಿ ನೋವಿದೆ ಎಂದು ಹೇಳುತ್ತಿದ್ದರು. ನಾಟಿ ವೈದ್ಯರು ನಾಡಿ ಹಿಡಿದ ಹಾಗೆ. ಮೊದಲ ವರ್ಷ ಬರಿಗೈ. ಆಮೇಲಿನ ಎಂಟು ವರ್ಷದಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್. ಯುರೋಪಿಯನ್ ಕಪ್ ಅಂದರೆ ಆಗ ಬೇರೆ ಬೇರೆ ದೇಶಗಳ ಚಾಂಪಿಯನ್ ಕ್ಲಬ್ಬುಗಳ ನಡುವಿನ ಪಂದ್ಯಾವಳಿ. 1977ರಲ್ಲಿ ಮೊದಲನೆಯದನ್ನು ಗೆದ್ದದ್ದು ರೋಮ್‌ನಲ್ಲಿ. ಯುದ್ಧದ ಕಾಲದಲ್ಲಿ ತಾವು ರೋಮ್‌ಗೆ ಬಂದದ್ದು ಟ್ಯಾಂಕ್ ಮೇಲೆ ಎಂದು ಪೈಸ್ಲಿ ನೆನೆದಿದ್ದರು. 1983ರಲ್ಲಿ ಸದ್ದಿಲ್ಲದೆ ನಿವೃತ್ತರಾದರು. ಕಡೆಗಾಲದಲ್ಲಿ ಮರೆವಿನ ಕಾಯಿಲೆ ಆವರಿಸಿತು. 1996ರಲ್ಲಿ ತೀರಿಕೊಂಡರು.

ಕ್ರೇಟಿನ ಮೇಲಿಂದ ಎದ್ದ ಎರಡನೆಯವರು ಜೋ ಫೇಗನ್. ಮ್ಯಾನೇಜರ್ ಆದಾಗ ವಯಸ್ಸು 62. ಮೊದಲ ವರ್ಷವೇ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಗೆದ್ದರು. ಎರಡನೇ ವರ್ಷದ ಕೊನೆಗೆ, 1985ರ ಮೇ 29ರಂದು, ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಯುವೆಂಟಸ್ ವಿರುದ್ಧ ಫೈನಲ್. ಅದೇ ತಮ್ಮ ಕೊನೆಯ ಪಂದ್ಯ ಎಂದು ಫೇಗನ್ ಮೊದಲೇ ತೀರ್ಮಾನಿಸಿದ್ದರು. ಆಟ ಶುರುವಾಗುವ ಮೊದಲೇ ಲಿವರ್‌ಪೂಲ್ ಬೆಂಬಲಿಗರ ಗುಂಪು ನುಗ್ಗಿತು, ಓಡಿದ ಜನರ ಒತ್ತಡಕ್ಕೆ ಗೋಡೆ ಕುಸಿಯಿತು, 39 ಜನ ಸತ್ತರು. ಹೆಚ್ಚಿನವರು ಇಟಲಿಯವರು. ಇಂಗ್ಲಿಷ್ ಕ್ಲಬ್ಬುಗಳನ್ನು ಐದು ವರ್ಷ, ಲಿವರ್‌ಪೂಲನ್ನು ಆರು ವರ್ಷ ಯುರೋಪಿನ ಪಂದ್ಯಗಳಿಂದ ಹೊರಗಿಟ್ಟರು. ವಿಮಾನದಿಂದ ಇಳಿದ ಫೇಗನ್ ಅಳುತ್ತಿದ್ದರು, ಒಬ್ಬರು ಹೆಗಲು ಹಿಡಿದು ನಡೆಸಬೇಕಾಯಿತು. ಒಳ್ಳೆಯ ಮನುಷ್ಯನ ಬಾಳಿನ ದುಡಿಮೆ ಅಲ್ಲಿಗೆ ಮುಗಿಯಿತು.

ಕೆನ್ನಿ ಡಾಲ್ಗ್ಲಿಷ್ ಆಗ ತಂಡದ ಆಟಗಾರ, ವಯಸ್ಸು 34. ಆಡುತ್ತಲೇ ಮ್ಯಾನೇಜರ್ ಆದರು. ಮೊದಲ ವರ್ಷವೇ, 1986ರಲ್ಲಿ, ಲೀಗ್ ಮತ್ತು ಎಫ್‌ಎ ಕಪ್ ಎರಡೂ. ಲೀಗ್ ಖಚಿತ ಮಾಡಿದ ಗೋಲು ಅವರದೇ.

1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಎಫ್‌ಎ ಕಪ್ ಸೆಮಿಫೈನಲ್. ಹೊರಗೆ ಜನ ಒತ್ತೊತ್ತಾಗಿ ನಿಂತಿದ್ದರು. ಪೊಲೀಸರು ಒಂದು ದೊಡ್ಡ ಗೇಟು ತೆರೆಸಿದರು. ಒಳಬಂದವರನ್ನು ಬೇರೆ ಕಡೆ ತಿರುಗಿಸಲು ಯಾರೂ ಇರಲಿಲ್ಲ. ಆಗಲೇ ತುಂಬಿಹೋಗಿದ್ದ, ಮುಂದೆ ಕಬ್ಬಿಣದ ಬೇಲಿ ಇದ್ದ ಆವರಣಕ್ಕೇ ಜನ ನುಗ್ಗಿದರು. ಮೂರು ಗಂಟೆ ಆರು ನಿಮಿಷಕ್ಕೆ ಆಟ ನಿಂತಿತು. ಆ ದಿನದ ಗಾಯಗಳಿಂದ ಸತ್ತವರು ಒಟ್ಟು 97 ಜನ. ಅತ್ಯಂತ ಚಿಕ್ಕವನಿಗೆ ಹತ್ತು ವರ್ಷ. ತಪ್ಪು ಜನರದೇ ಎಂದು ಪೊಲೀಸರು ಹೇಳಿದರು, ಕೆಲವು ಪತ್ರಿಕೆಗಳು ಅದನ್ನೇ ಬರೆದವು. ಆ ಮಾತು ಸುಳ್ಳು ಎಂದು ಸಾಬೀತಾಗಿ, ಇವು ಕಾನೂನುಬಾಹಿರ ಸಾವುಗಳು ಎಂದು ವಿಚಾರಣೆಯ ಜ್ಯೂರಿ ತೀರ್ಪು ಕೊಟ್ಟದ್ದು 2016ರಲ್ಲಿ. ಇಪ್ಪತ್ತೇಳು ವರ್ಷ ಆ ಮನೆಯವರು ಕೋರ್ಟು ಕಚೇರಿ ಅಲೆದರು. ಪತ್ರಿಕೆ ಕೆಲಸ ಕಲಿತ ನಮ್ಮಂಥವರು ಈ ಭಾಗವನ್ನು ಎರಡು ಸಲ ಓದಬೇಕು.

ಆ ವಾರಗಳಲ್ಲಿ ಡಾಲ್ಗ್ಲಿಷ್ ಮ್ಯಾನೇಜರ್ ಆಗಿರಲಿಲ್ಲ, ಊರಿನ ಹಿರಿಯನಾಗಿದ್ದರು. ಆ್ಯನ್‌ಫೀಲ್ಡ್ ಬಾಗಿಲು ತೆರೆಸಿದರು, ಮೈದಾನ ಹೂವಿನಿಂದ ಮುಚ್ಚಿತು. ಹೆಂಡತಿ ಮರೀನಾ ಜೊತೆ ಸತ್ತವರ ಮನೆಯವರ ಪಕ್ಕ ಕೂತರು, ಒಂದೇ ದಿನ ನಾಲ್ಕು ಅಂತ್ಯಕ್ರಿಯೆಗೆ ಹೋದದ್ದೂ ಉಂಟು. 1990ರಲ್ಲಿ ಲೀಗ್ ಗೆದ್ದರು. ಒಳಗೆ ಮಾತ್ರ ಸವೆಯುತ್ತಿದ್ದರು. ಮೈಮೇಲೆ ದದ್ದು ಏಳುತ್ತಿತ್ತು. 1991ರ ಫೆಬ್ರವರಿ 20ರಂದು ಎವರ್ಟನ್ ವಿರುದ್ಧ ಲಿವರ್‌ಪೂಲ್ ನಾಲ್ಕು ಸಲ ಮುಂದಾಯಿತು, ನಾಲ್ಕು ಸಲವೂ ಎವರ್ಟನ್ ಸಮ ಮಾಡಿತು. 4-4. ಏನೋ ಬದಲಾಯಿಸಬೇಕು ಎಂದು ಗೊತ್ತಿದ್ದೂ ತೀರ್ಮಾನ ತೆಗೆದುಕೊಳ್ಳಲಾಗದೆ ನಿಂತಿದ್ದೆ ಎಂದು ಆಮೇಲೆ ಹೇಳಿಕೊಂಡರು. ಎರಡು ದಿನಕ್ಕೆ ರಾಜೀನಾಮೆ. ತಂಡ ಆಗ ಲೀಗಿನ ಅಗ್ರಸ್ಥಾನದಲ್ಲಿತ್ತು.

ಮುಂದೆ ಬಂದ ಗ್ರೇಮ್ ಸೂನೆಸ್ 1992ರಲ್ಲಿ ಎಫ್‌ಎ ಕಪ್ ಗೆಲ್ಲಿಸಿದರು, ಅದೇ ವರ್ಷ ಹೃದಯದ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡರು. ಅವರ ಕಾಲದಲ್ಲೇ ಬೂಟು ಕೋಣೆಯನ್ನು ಕೆಡವಿ ಪತ್ರಕರ್ತರಿಗೆ ಜಾಗ ಮಾಡಿಕೊಟ್ಟರು. ಆ ಕೋಣೆಯ ಕೊನೆಯ ಶಿಷ್ಯ ರಾಯ್ ಇವಾನ್ಸ್ 1994ರಿಂದ 1998ರವರೆಗೆ ಇದ್ದರು, ಗೆದ್ದದ್ದು ಒಂದು ಲೀಗ್ ಕಪ್. ಕೊನೆಗೆ ಫ್ರಾನ್ಸಿನ ಜೆರಾರ್ಡ್ ಹೂಲಿಯೆ ಜೊತೆ ಒಂದೇ ಕುರ್ಚಿಯಲ್ಲಿ ಇಬ್ಬರನ್ನು ಕೂರಿಸಿದರು. ಅದು ಎಲ್ಲಾದರೂ ನಡೆಯುತ್ತದೆಯೇ? ಕೆಲವೇ ತಿಂಗಳಲ್ಲಿ ಇವಾನ್ಸ್ ಎದ್ದು ಹೋದರು.

ಹೂಲಿಯೆ 2001ರಲ್ಲಿ ಮೂರು ಕಪ್ ಗೆಲ್ಲಿಸಿ, ಅದೇ ಅಕ್ಟೋಬರಿನಲ್ಲಿ ಪಂದ್ಯದ ನಡುವೆಯೇ ಎದೆನೋವಿನಿಂದ ಆಸ್ಪತ್ರೆ ಸೇರಿದರು. ಸ್ಪೇನಿನ ರಫೇಲ್ ಬೆನಿಟೆಜ್ 2005ರಲ್ಲಿ ಇಸ್ತಾಂಬುಲ್‌ನಲ್ಲಿ ಮಿಲಾನ್ ವಿರುದ್ಧ 0-3ರಿಂದ ಎದ್ದು ಬಂದು ಯುರೋಪ್ ಗೆದ್ದರು. ಲೀಗ್ ಮಾತ್ರ ಸಿಗಲೇ ಇಲ್ಲ. ಡಾಲ್ಗ್ಲಿಷ್ ಕೂಡ ಒಮ್ಮೆ ವಾಪಸ್ ಬಂದು ಹೋದರು.

2015ರಲ್ಲಿ ಜರ್ಮನಿಯ ಯೂರ್ಗನ್ ಕ್ಲಾಪ್ ಬಂದರು. 2019ರಲ್ಲಿ ಯುರೋಪ್, 2020ರಲ್ಲಿ ಮೂವತ್ತು ವರ್ಷದ ನಂತರ ಲೀಗ್. ಕೊರೊನಾ ಕಾಲ, ಮೈದಾನ ಖಾಲಿ. 2024ರ ಜನವರಿಯಲ್ಲಿ, ನನ್ನ ಶಕ್ತಿ ಮುಗಿಯುತ್ತಿದೆ ಎಂದು ಬಾಯಿಬಿಟ್ಟು ಹೇಳಿ, ಮೇ ತಿಂಗಳಿಗೆ ಹೊರಡುವುದಾಗಿ ತಿಳಿಸಿದರು. ಶ್ಯಾಂಕ್ಲಿಗೂ ಡಾಲ್ಗ್ಲಿಷ್‌ಗೂ ಅದನ್ನು ಅಷ್ಟು ಮುಂಚೆ, ಅಷ್ಟು ಬಿಚ್ಚಿ ಹೇಳಲು ಆಗಿರಲಿಲ್ಲ.

ಕೊನೆಯ ದಿನ ಆ್ಯನ್‌ಫೀಲ್ಡ್‌ನಲ್ಲಿ ಕ್ಲಾಪ್ ಮೈಕ್ ಹಿಡಿದು, ಇನ್ನೂ ಬಾರದ ಹೊಸ ಮ್ಯಾನೇಜರ್ ಆರ್ನೆ ಸ್ಲಾಟ್ ಹೆಸರನ್ನು ತಾವೇ ಹಾಡಿ ಜನರಿಂದಲೂ ಹಾಡಿಸಿದರು. ಸ್ಲಾಟ್ ಮೊದಲ ವರ್ಷವೇ ಲೀಗ್ ಗೆದ್ದರು, ಕ್ಲಬ್ಬಿನ ಇಪ್ಪತ್ತನೆಯದು. 2025ರ ಏಪ್ರಿಲ್ 27ರ ಆ ಸಂಜೆ, ತುಂಬಿದ ಮೈದಾನದಲ್ಲಿ ಮೈಕ್ ಸ್ಲಾಟ್ ಕೈಗೆ ಬಂತು. ಅವರು ಹಾಡಿದ್ದು ಕ್ಲಾಪ್ ಹೆಸರನ್ನು.